ಶರಣನನ್ನು ಒದ್ದವನು

ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ಶಿವಯೋಗಪ್ಪನವರಿಗೆ ಒಳ್ಳೆಯ ಹೆಸರಿತ್ತು. ತಕ್ಕಡಿಯ ವಿಷಯವೊಂದು ಬಿಟ್ಟರೆ ಉಳಿದೆಲ್ಲ ವಿಷಯಗಳಲ್ಲೂ ಅವರು ಧರ್ಮಿಷ್ಠರೆಂದು ರೈತರೇ ಹೇಳುತ್ತಿದ್ದರು. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಎಳೆದುಕೊಂಡು ಮಂಡಿಯ ಗಾದಿಯ ಮೇಲೆ ಕೂತರೆ ಊಟದ ಹೊತ್ತಿನವರೆಗೆ ಏಳುತ್ತಿರಲಿಲ್ಲ. ಅಂಥವರು ಅರವತ್ತರ ಹೊಸ್ತಿಲಲ್ಲಿ ಸಿನಿಮಾ ತೆಗೆಯುತ್ತೇನೆಂದು ಎದ್ದು ನಿಂತಾಗ ಮಂಡಿಯಲ್ಲಿ ಯಾರಿಗೂ ನಂಬಿಕೆ ಬರಲಿಲ್ಲ.

ಆಗಿದ್ದು ಇಷ್ಟು. ಬೆಂಗಳೂರಿಗೆ ಬೀಗರ ಮನೆಯ ನಾಮಕರಣಕ್ಕೆ ಹೋಗಿದ್ದಾಗ ಅವರನ್ನು ಮಾಲಿನಲ್ಲಿ ಒಂದು ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದರು. ಯಾವುದೋ ದೇಶದ ಯಾವುದೋ ಕಾಲದ ಕಥೆ. ರಾಜ ಒಬ್ಬ ಭಕ್ತನಿಗೆ ನಿನ್ನ ದೇವರನ್ನು ಬಿಡು ಎನ್ನುತ್ತಾನೆ, ಭಕ್ತ ಬಿಡುವುದಿಲ್ಲ, ರಾಜ ಅವನನ್ನು ಹಿಂಸೆ ಮಾಡಿ ಕೊಲ್ಲುತ್ತಾನೆ. ದೀಪ ಹತ್ತಿದಾಗ ಸುತ್ತಲಿನವರೆಲ್ಲ ಅಳುತ್ತಿದ್ದರು. ಪಾಪ್‌ಕಾರ್ನ್ ತಿನ್ನುತ್ತಲೇ ಅಳುತ್ತಿದ್ದರು. ಶಿವಯೋಗಪ್ಪನವರು ಅಳಲಿಲ್ಲ. ಅವರಿಗೆ ಹೊಟ್ಟೆಕಿಚ್ಚಾಯಿತು.

"ನಮ್ಮ ಹೊನ್ನಯ್ಯ ತಾತಂಗೆ ಏನು ಕಮ್ಮಿ ಆಗೈತೆ? ಅವನೂ ಒದೆ ತಿಂದವ್ನೆ. ಇವ್ರಿಗಿಂತ ಮುಂಚೇನೇ ತಿಂದವ್ನೆ," ಎಂದರು, ವಾಪಸು ಬರುವಾಗ ಕಾರಿನಲ್ಲಿ.

"ತಿಂದಿರೋದು ತಾತ. ಅದ್ರ ಹಿರಿಮೆ ನಿಮಗ್ಯಾಕೆ," ಎಂದರು ಹೆಂಡತಿ ನಿರ್ಮಲಮ್ಮ, ಕಣ್ಣು ಮುಚ್ಚಿಕೊಂಡೇ.

ಹೊನ್ನಯ್ಯ ತಾತನ ಗದ್ದುಗೆ ಇರುವುದು ಬ್ರಹ್ಮಸಮುದ್ರದ ಕಡೆ, ಒಂದು ಕಲ್ಲುಗುಡ್ಡದ ಬುಡದಲ್ಲಿ. ಬಟ್ಟೆಯ ಗಂಟು ಹೊತ್ತು ಊರೂರು ತಿರುಗುತ್ತಿದ್ದ ಶರಣನಂತೆ. ದುರ್ಗದ ದೊರೆ ಅವನಿಗೆ ಕೊರಳಿನ ಲಿಂಗ ತೆಗೆದಿಟ್ಟು ತನ್ನ ದೇವರಿಗೆ ಅಡ್ಡಬೀಳು ಎಂದನಂತೆ. ತಾತ ಒಲ್ಲೆನೆಂದ. ದೊರೆ ಎದೆಗೆ ಒದ್ದು, ಗವಿಯೊಳಗೆ ಕೂಡಿ, ಬಾಯಿಗೆ ಕಲ್ಲು ಕಟ್ಟಿಸಿದ. ಕಲ್ಲಿನ ಹಿಂದೆ ತಾತ ಇನ್ನೂ ಜಪ ಮಾಡುತ್ತಿದ್ದಾನೆ ಎಂಬುದು ಸುತ್ತಲಿನವರ ನಂಬಿಕೆ. ಬಟ್ಟೆ ಮಾರುತ್ತಿದ್ದವನಾದ್ದರಿಂದ ತಾತ ತಮ್ಮವನೆಂದು ವ್ಯಾಪಾರದವರು ಹೇಳುತ್ತಿದ್ದರು. ಮಾರಬೇಕಾದರೆ ಮೊದಲು ನೇಯ್ದಿರಬೇಕಲ್ಲ, ಹಾಗಾಗಿ ತಮ್ಮವನೆಂದು ನೇಕಾರರು ಹೇಳುತ್ತಿದ್ದರು. ಒದ್ದವನು ಯಾರ ಪೈಕಿ ಎಂಬ ಪ್ರಶ್ನೆಯನ್ನು ಮಾತ್ರ ಅಲ್ಲಿಯವರೆಗೆ ಯಾರೂ ಎತ್ತಿರಲಿಲ್ಲ.

ನಿರ್ದೇಶನಕ್ಕೆ ಶಿವಯೋಗಪ್ಪನವರ ದೂರದ ಸಂಬಂಧಿ ಅಮರೇಶ್ ಸಿಕ್ಕಿದ. ಚಿಲಮತ್ತೂರಿನ ಹೈವೇ ಪಕ್ಕದಲ್ಲಿ ಅವನಿಗೊಂದು ಸ್ಟುಡಿಯೋ ಇತ್ತು. ಮದುವೆಗಳನ್ನು ತೆಗೆಯುವುದರಲ್ಲಿ ಪಳಗಿದ್ದ. ಅವನ ಹತ್ತಿರ ಡ್ರೋನ್ ಇತ್ತು, ಹಾಗಾಗಿ ತಾತನ ಕಷ್ಟವನ್ನೆಲ್ಲ ಆಕಾಶದಿಂದಲೇ ತೆಗೆಯುವುದೆಂದು ತೀರ್ಮಾನವಾಯಿತು. ಶಿವನೇ ಮೇಲಿನಿಂದ ನೋಡಿದಂತೆ ಕಾಣುತ್ತದೆ ಎಂದು ಅಮರೇಶ್ ವಿವರಿಸಿದ. ಚಿತ್ರದ ಹೆಸರು 'ಶರಣನ ಸೆರೆ'.

ಪಾತ್ರ ಹಂಚಲು ಕೂತಾಗ ಒಂದು ವಿಚಿತ್ರ ಕಂಡಿತು. ಒದೆ ತಿನ್ನುವುದಕ್ಕೆ ಊರಿಗೆ ಊರೇ ತಯಾರಿತ್ತು. ತಾತನ ಶಿಷ್ಯರಾಗಿ ಸಾಯಲು ವರ್ತಕರು, ವಕೀಲರು, ಒಬ್ಬ ನಿವೃತ್ತ ತಹಸೀಲ್ದಾರರು ಎಲ್ಲರೂ ಹೆಸರು ಕೊಟ್ಟರು. ತಾತನ ಪಾತ್ರಕ್ಕೆ ಯಾರು ಎಂದು ಶಿವಯೋಗಪ್ಪನವರು ಬಹಳ ಯೋಚಿಸಿ, ಬೇರೆ ದಾರಿ ಕಾಣದೆ ತಾವೇ ಒಪ್ಪಿಕೊಂಡರು. ಒದೆಯುವವನು ಮಾತ್ರ ಸಿಗಲಿಲ್ಲ. ಧರ್ಮಕ್ಕಾಗಿ ಸಾಯುವವರು ಬೇಕಾದಷ್ಟಿದ್ದರು, ಕೊಲ್ಲುವವನು ನಾನೆಂದು ಹೇಳಿಕೊಳ್ಳಲು ಯಾರೂ ಮುಂದೆ ಬರಲಿಲ್ಲ.

ಕೊನೆಗೆ ಯಾರೋ ಕಲ್ಯಾಣದುರ್ಗದ ವೆಂಕಟೇಶಪ್ಪನ ಹೆಸರು ಹೇಳಿದರು.

ವೆಂಕಟೇಶಪ್ಪನಿಗೆ ಅಲ್ಲಿನ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಸೀರೆ ಅಂಗಡಿ. ಅಪ್ಪನ ಕಾಲದವರೆಗೆ ಮನೆಯಲ್ಲಿ ಮಗ್ಗವಿತ್ತು, ಈಗ ಧರ್ಮಾವರದಿಂದ ತಂದು ಮಾರುತ್ತಿದ್ದ. ತೊಳೆದರೆ ಬಣ್ಣ ಹೋಗುತ್ತದಾ ಎಂದು ಗಿರಾಕಿ ಕೇಳಿದರೆ ಹೋಗುತ್ತದೆ ಎಂದುಬಿಡುವಷ್ಟು ಸಾಧು. ಆದರೆ ದೇವರು ಅವನಿಗೆ ಗುಡುಗಿನಂಥ ಗಂಟಲನ್ನೂ ಉರಿಯುವಂಥ ಎರಡು ಕಣ್ಣುಗಳನ್ನೂ ಕೊಟ್ಟುಬಿಟ್ಟಿದ್ದ. ಊರಿನ ನಾಟಕಗಳಲ್ಲಿ ಕೆಟ್ಟ ರಾಜನ ಪಾರ್ಟು ಯಾವಾಗಲೂ ಅವನದೇ.

ಶಿವಯೋಗಪ್ಪನವರು ಅಂಗಡಿಗೇ ಬಂದು ವಿಷಯ ಹೇಳಿದಾಗ ವೆಂಕಟೇಶಪ್ಪ ಮಡಿಸುತ್ತಿದ್ದ ಸೀರೆಯನ್ನು ಹಾಗೇ ಬಿಟ್ಟ.

"ತಾತನ್ನ ಒದಿಯೋದಾ ಸಾವ್ಕಾರ್ರೇ? ನನ್ನ ಕಾಲು ಏಳಲ್ಲ. ಕೂಸಿದ್ದಾಗ ನಂಗೆ ಫಿಟ್ಸ್ ಬತ್ತಿದ್ವಂತೆ. ನಮ್ಮವ್ವ ತಕ್ಕಂಡೋಗಿ ತಾತನ ಗದ್ದುಗೆ ಮೇಲೆ ಮಲಗಿಸ್ಬುಟ್ಳು. ಅವತ್ತಿಂದ ಬದುಕಿರೋದು ಅವ್ನ ದಯದಾಗೆ. ಸೋಮವಾರ ತಪ್ಪಿಸ್ದೋನಲ್ಲ ನಾನು."

"ಅದ್ಕೇ ನೀನೇ ಆಗ್ಬೇಕು ಕಣಪ್ಪ. ಒದಿಯೋನು ಒಬ್ಬ ಇಲ್ದಿದ್ರೆ ತಾತ ತಾತ ಆಗೋದೆಂಗೆ? ನೀನು ಒದ್ದಷ್ಟೂ ಅವ್ನ ಮಹಿಮೆ ಜಾಸ್ತಿ ಆಯ್ತದೆ. ಇದೂ ಒಂದು ಸೇವೆ ಅಂದ್ಕೋ."

ವೆಂಕಟೇಶಪ್ಪ ತಾತನನ್ನೇ ಕೇಳಿ ಹೇಳುತ್ತೇನೆಂದ. ಸೋಮವಾರ ಹೆಂಡತಿ ಚಿನ್ನಕ್ಕನ ಜೊತೆ ಬಸ್ಸು ಹತ್ತಿ ಗದ್ದುಗೆಗೆ ಹೋಗಿ, ಎರಡು ಕಡೆ ಹೂವಿಟ್ಟು, ಕೈಮುಗಿದು ಕೂತ. ಸ್ವಲ್ಪ ಹೊತ್ತಿಗೆ ಬಲಗಡೆಯ ಹೂವು ಬಿತ್ತು.

"ಫ್ಯಾನ್ ಹಾಕಿದ್ರು ಕಣ್ರೀ, ಅದ್ಕೆ ಬಿತ್ತು," ಎಂದಳು ಚಿನ್ನಕ್ಕ.

"ಫ್ಯಾನೂ ತಾತಂದೇ," ಎಂದ ವೆಂಕಟೇಶಪ್ಪ.

ಶೂಟಿಂಗ್ ಕಲ್ಯಾಣದುರ್ಗದ ಬೆಟ್ಟದ ಮೇಲೆ ನಡೆಯಿತು. ಚಿತ್ರಕಥೆಯಲ್ಲಿ ದೊರೆಗೆ ಒಂದು ಹೆಸರಿತ್ತು. ಆ ಹೆಸರಿನ ಕೊನೆಯಕ್ಷರಗಳು ತಮ್ಮವೆಂದು ಒಂದು ಸಂಘದವರು ಜೀಪಿನಲ್ಲಿ ಬಂದರು. ಅಕ್ಷರ ಬದಲಾಯಿಸಿದರು. ಬದಲಾದ ಅಕ್ಷರಗಳು ತಮ್ಮವೆಂದು ಇನ್ನೊಂದು ಸಂಘದವರು ಇನ್ನೊಂದು ಜೀಪಿನಲ್ಲಿ ಬಂದರು. ಅಮರೇಶ್ ಹೆಸರನ್ನೇ ತೆಗೆದು ಬರೀ ದೊರೆ ಎಂದಿಟ್ಟ.

ಆಮೇಲೆ ಹಣೆಯ ಪ್ರಶ್ನೆ ಬಂತು. ಮೊದಲು ವೆಂಕಟೇಶಪ್ಪನಿಗೆ ನಾಮ ಬಳಿದಿದ್ದರು. ನಾಮದವರು ನೊಂದುಕೊಂಡರು. ವಿಭೂತಿ ಹಚ್ಚಿದರು. ನಮ್ಮೋರೇ ನಮ್ಮೋರ್ನ ಒದ್ದಂಗೆ ಆಯ್ತಲ್ಲೋ ಎಂದು ಶಿವಯೋಗಪ್ಪನವರೇ ಒರೆಸಿದರು. ಕುಂಕುಮ ಇಟ್ಟು ನೋಡಿದರು, ಅಮ್ಮನ ಗುಡಿಯವರ ಫೋನು ಬಂತು. ಬೋಳು ಹಣೆ ಬಿಟ್ಟರೆ ಯಾರನ್ನು ತೋರಿಸುತ್ತಿದ್ದೀರಿ ಎಂದು ಮತ್ಯಾರಾದರೂ ಕೇಳಬಹುದೆಂದು ಅಮರೇಶನಿಗೆ ಭಯವಾಯಿತು. ಕೊನೆಗೆ ಪೇಟವನ್ನು ಹುಬ್ಬಿನವರೆಗೆ ಎಳೆದು ಹಣೆಯೇ ಕಾಣದಂತೆ ಮಾಡಿದರು. ದೊರೆ ಯಾವ ದೇವರಿಗೆ ಅಡ್ಡಬೀಳು ಎನ್ನಬೇಕು ಎಂಬುದೂ ಇತ್ಯರ್ಥವಾಗಲಿಲ್ಲ. ಹಾಗಾಗಿ ದೇವರನ್ನೂ ಬಿಟ್ಟು ಮಾತು ಹೀಗೆ ನಿಂತಿತು: "ನಿನ್ನ ನಂಬಿಕೆ ಬಿಡು. ನನ್ನ ಕಾಲಿಗೆ ಬೀಳು. ಬೀಳದಿದ್ದರೆ ಈ ನೆಲದಲ್ಲಿ ನಿನಗೆ ಜಾಗವಿಲ್ಲ." ಯಾರೂ ಅಲ್ಲದ ದೊರೆಯೊಬ್ಬ, ಯಾವುದೂ ಅಲ್ಲದ ಧರ್ಮಕ್ಕಾಗಿ, ಎಲ್ಲರಿಗೂ ಬೇಕಾದ ಶರಣನನ್ನು ಹಿಂಸಿಸುವ ಚಾರಿತ್ರಿಕ ಚಿತ್ರ ಹೀಗೆ ಶುರುವಾಯಿತು.

ಕುದುರೆಯನ್ನು ಮದುವೆ ಮೆರವಣಿಗೆಯವರಿಂದ ಬಾಡಿಗೆಗೆ ತಂದಿದ್ದರು. ದಂಡಿನ ನಗಾರಿ ಬಾರಿಸಿದ ಕೂಡಲೇ ಅದು ಮುಂಗಾಲೆತ್ತಿ ಕುಣಿಯತೊಡಗಿತು. ದೊರೆ ಕ್ರೋಧದಿಂದ ಬರಬೇಕಾದ ಕಡೆ ಮದುಮಗನಂತೆ ಕುಲುಕುತ್ತ ಬಂದ. ನಗಾರಿ ನಿಲ್ಲಿಸಿ ತೆಗೆದರು. ಒದೆಯುವ ದೃಶ್ಯದಲ್ಲಿ ಪೇಟ ಕಣ್ಣಿಗೆ ಅಡ್ಡವಾಗಿ, ವೆಂಕಟೇಶಪ್ಪನ ಮೊದಲ ಒದೆ ತಾತನಿಗೆ ಬೀಳದೆ ಶಿಷ್ಯನಾಗಿ ಪಕ್ಕದಲ್ಲಿ ಕೂತಿದ್ದ ನಿವೃತ್ತ ತಹಸೀಲ್ದಾರರಿಗೆ ಬಿತ್ತು. ಗುರುವಿನ ಪಾಲಿನದನ್ನು ತಾನೇ ಮುಂದಾಗಿ ಸ್ವೀಕರಿಸಿದೆನೆಂದು ಅವರು ಆಮೇಲೆ ಬಹಳ ಕಡೆ ಹೇಳಿಕೊಂಡರು.

ಪ್ರತಿ ದೃಶ್ಯವನ್ನೂ ಒಮ್ಮೆ ಕನ್ನಡದಲ್ಲಿ, ಒಮ್ಮೆ ತೆಲುಗಿನಲ್ಲಿ ತೆಗೆಯುತ್ತಿದ್ದುದರಿಂದ ಹೊನ್ನಯ್ಯ ತಾತ ಎರಡು ಭಾಷೆಗಳಲ್ಲಿ ಒದೆ ತಿನ್ನಬೇಕಾಯಿತು. ಒದ್ದಾದ ಮೇಲೆ ಪ್ರತಿ ಸಲವೂ ವೆಂಕಟೇಶಪ್ಪ ಬಗ್ಗಿ, ತಾತನ ವೇಷದಲ್ಲಿದ್ದ ಶಿವಯೋಗಪ್ಪನವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಮೊದಲ ದಿನ ಶಿವಯೋಗಪ್ಪನವರು ಸಂಕೋಚದಿಂದ ಕಾಲು ಹಿಂದೆಳೆದುಕೊಂಡರು. ಎರಡನೆಯ ದಿನ ಸುಮ್ಮನಿದ್ದರು. ಆಮೇಲೊಮ್ಮೆ ವೆಂಕಟೇಶಪ್ಪ ಮರೆತಾಗ ಕಾಲು ಚಾಚಿಕೊಂಡೇ ಕಾದರು.

ಚಿತ್ರ ಹಿಂದೂಪುರದ ಹಳೆಯ ಟಾಕೀಸಿನಲ್ಲಿ ಬಿಡುಗಡೆಯಾಗಿ, ಅಮರೇಶನಿಗೂ ಅರ್ಥವಾಗದ ರೀತಿಯಲ್ಲಿ ಓಡಿತು. ಪರಿಗಿ ಕಡೆಯಿಂದ ಟ್ರ್ಯಾಕ್ಟರುಗಳಲ್ಲಿ ಜನ ಬಂದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು. ಪರದೆಯ ಮುಂದೆ ತೆಂಗಿನಕಾಯಿ ಒಡೆದರು. ಗವಿಯ ಬಾಯಿಗೆ ಕಲ್ಲು ಕಟ್ಟುವಾಗ ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಹೊರಗೆ ಬಂದ ಮೇಲೆ ಅವರಿಗೆ ಎರಡು ಕೆಲಸಗಳಿದ್ದವು. ತಾತನಿಗೆ ಕೈಮುಗಿಯಬೇಕಿತ್ತು, ದೊರೆಯನ್ನು ಬೈಯಬೇಕಿತ್ತು. ತಾತ ಹುಣಸೆ ಮಂಡಿಯಲ್ಲಿ ಸಿಗುತ್ತಿದ್ದ. ದೊರೆ ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಸಿಗುತ್ತಿದ್ದ.

ವೆಂಕಟೇಶಪ್ಪನ ಅಂಗಡಿಗೆ ಬಂದ ಒಬ್ಬ ಮುದುಕಿ ಸೀರೆ ನೋಡುತ್ತ ನೋಡುತ್ತ ತಲೆಯೆತ್ತಿ, "ನುವ್ವೇ ಕದರಾ ಆ ದುರ್ಮಾರ್ಗುಡು," ಆ ದುಷ್ಟ ನೀನೇ ಅಲ್ಲವೇನೋ ಎಂದು ತೆಲುಗಿನಲ್ಲಿ ಬೈದು, ಹೊರಗೆ ಹೋಗಿ ಒಂದು ಹಿಡಿ ಮಣ್ಣು ತಂದು ಅಂಗಡಿಯೊಳಗೆ ಎರಚಿ ಹೋದಳು. ಅವನಿಗೆ ಮೊದಲು ನಗು ಬಂತು. ಪಾರ್ಟು ಚೆನ್ನಾಗಿ ಬಂದಿದೆ ಎಂದುಕೊಂಡ. ಆಮೇಲೆ ಟೀ ಅಂಗಡಿಯವನು ಅವನ ಲೋಟವನ್ನು ಬೇರೆ ಇಟ್ಟ. ಅಂಗಡಿಗೆ ಗಿರಾಕಿಗಳು ಕಡಿಮೆಯಾದರು. ಬಂದವರೂ ಕೊಳ್ಳಲು ಬರುತ್ತಿರಲಿಲ್ಲ, ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಮಗಳು ಬನಶ್ರೀ ಪರಿಗಿಯ ಶಾಲೆಯೊಂದರಲ್ಲಿ ಟೀಚರ್. ಮಕ್ಕಳು ಅವಳನ್ನು, "ಮಿಸ್, ನಿಮ್ಮಪ್ಪ ಮನೇಲಿ ನಿಮ್ಮನ್ನೂ ಒದೀತಾರಾ," ಎಂದು ಕೇಳಿದರಂತೆ. ಅವಳು ಅದನ್ನು ನಗುತ್ತಲೇ ಹೇಳಿದಳು, ಆದರೆ ಆವತ್ತು ಊಟ ಅರ್ಧಕ್ಕೇ ಬಿಟ್ಟೆದ್ದಳು.

ಅತ್ತ ಹಿಂದೂಪುರದಲ್ಲಿ ಶಿವಯೋಗಪ್ಪನವರು ಗಡ್ಡ ಬೋಳಿಸಿರಲಿಲ್ಲ. ಶೂಟಿಂಗಿಗೆ ಬಿಟ್ಟ ಗಡ್ಡ ಹಾಗೇ ಇತ್ತು, ಕಾವಿ ಶಾಲೂ ಇತ್ತು. ಮಂಡಿಗೆ ಬಂದ ರೈತರು ಕಾಲು ಮುಟ್ಟುತ್ತಿದ್ದರು. ಅವರು ತಲೆ ಮೇಲೆ ಕೈಯಿಟ್ಟು ಹರಸಿ, ಹರಸಿದ ಕೈಯಿಂದಲೇ ತಕ್ಕಡಿ ಹಿಡಿಯುತ್ತಿದ್ದರು. ಮಂಡಿಯ ಮುಂದೆ ಮೊಟ್ಟೆ ಬೋಂಡಾ ಮಾರುವ ಗಾಡಿಯನ್ನು ಬೇರೆ ಬೀದಿಗೆ ಕಳಿಸಿದರು. ಫೋನಿನಲ್ಲಿ ಹಲೋ ಎನ್ನುವ ಬದಲು ಶರಣು ಎನ್ನಬೇಕೆಂದು ಗುಮಾಸ್ತರಿಗೆ ಹೇಳಿದರು. ಒಂದು ಬೆಳಗ್ಗೆ, ಮೂಟೆ ಹೊರುವ ಗೋವಿಂದಪ್ಪ ಎಂದಿನಂತೆ ನಾಮ ಇಟ್ಟುಕೊಂಡು ಬಂದಾಗ ಗಾದಿಯಿಂದಲೇ ಕರೆದರು.

"ಮಂಡಿ ಈಗ ತಾತನ ಸ್ಥಾನ ಆಗೋಗೈತೆ ಕಣಪ್ಪ ಗೋವಿಂದಪ್ಪ. ಒಳಗೆ ಬರೋರು ವಿಭೂತಿ ಇಕ್ಕಂಡು ಬಂದ್ರೆ ಚೆಂದ."

"ನಮ್ಮಪ್ಪನ ಕಾಲದಿಂದ ನಾಮ ಇಕ್ಕಂಡೇ ಮೂಟೆ ಹೊತ್ತಿರೋದು ಸಾವ್ಕಾರ್ರೇ."

"ಬಲವಂತ ಏನಿಲ್ಲಪ್ಪ. ನಾಮನೇ ಬೇಕು ಅಂದ್ರೆ ಬೇರೆ ಮಂಡಿಗಳವೆ."

ಗೋವಿಂದಪ್ಪ ಹೆಗಲ ಮೇಲಿನ ಟವೆಲಿನಿಂದ ಹಣೆ ಒರೆಸಿಕೊಂಡು ಒಳಗೆ ಹೋದ. ಮೂಟೆಗೆ ನಾಮ, ವಿಭೂತಿಗಳ ವ್ಯತ್ಯಾಸ ತಿಳಿಯಲಿಲ್ಲ. ಅದು ಹಿಂದಿನಷ್ಟೇ ಭಾರವಾಗಿತ್ತು.

ಇಷ್ಟಾದರೂ ವೆಂಕಟೇಶಪ್ಪ ಸೋಮವಾರದ ದರ್ಶನ ನಿಲ್ಲಿಸಿರಲಿಲ್ಲ. ಒಂದು ಸೋಮವಾರ ಅವನೂ ಚಿನ್ನಕ್ಕನೂ ಗದ್ದುಗೆಯ ಮೆಟ್ಟಿಲು ಹತ್ತುವಾಗ ಟ್ರಸ್ಟಿನ ಕಾರ್ಯದರ್ಶಿ ಸಿದ್ದಲಿಂಗೇಶ್ ಅಡ್ಡ ಬಂದು ನಿಂತ. ಅವನ ಹಿಂದೆ ಹೊಸದಾಗಿ ಕಟ್ಟಿದ ಕಬ್ಬಿಣದ ಸರದಿ ಸಾಲು, ಪ್ರಸಾದದ ಕೌಂಟರು. ಸಿನಿಮಾ ಬಂದ ಮೇಲೆ ಗದ್ದುಗೆಗೆ ಜನ ಬಹಳ ಹೆಚ್ಚಿದ್ದರು.

"ಅಣ್ಣಾ, ತಪ್ಪು ತಿಳ್ಕಬ್ಯಾಡ. ಸ್ವಲ್ಪ ದಿನ ನೀನು ಬರದೇ ಇದ್ರೆ ಒಳ್ಳೇದು. ನಿನ್ನ ನೋಡಿದ್ರೆ ಭಕ್ತರ ಮನಸ್ಸಿಗೆ ನೋವಾಯ್ತದೆ."

"ನಾನೇನು ಮಾಡ್ದೆ?"

"ತಾತನ ಎದೆಗೆ ಒದ್ದಲ್ಲ."

"ಅದು ಸಿನಿಮಾ ಕಣಪ್ಪ."

"ಸಿನಿಮಾ ಅಂತ ನಂಗೂ ಗೊತ್ತು, ನಿಂಗೂ ಗೊತ್ತು. ಭಕ್ತರಿಗೆ ಹೇಳೋರ್ಯಾರು? ನಂಬಿಕೆ ವಿಷ್ಯ ಇದು."

"ನಂಬಿಕೆ ನಂದೂ ಐತಲ್ಲ," ಎಂದ ವೆಂಕಟೇಶಪ್ಪ. ಗುಡುಗಿನ ಗಂಟಲು ಎಲ್ಲಿ ಹೋಯಿತೋ, ಪಕ್ಕದಲ್ಲಿದ್ದ ಚಿನ್ನಕ್ಕನಿಗೂ ಅದು ಸರಿಯಾಗಿ ಕೇಳಲಿಲ್ಲ.

ಸಿದ್ದಲಿಂಗೇಶ್ ಕೆಟ್ಟವನಲ್ಲ. ಟ್ರಸ್ಟಿನವರು ಯೋಚನೆ ಮಾಡಿ ಒಂದು ದಾರಿ ಹುಡುಕಿದ್ದಾರೆಂದ. ಹಿಂದೂಪುರದಲ್ಲಿ ಚಿತ್ರದ ವಿಜಯೋತ್ಸವ ನಡೆಯಲಿದೆ. ವೆಂಕಟೇಶಪ್ಪ ಸ್ಟೇಜಿನ ಮೇಲೆ ಬಂದು, ಎಲ್ಲರ ಮುಂದೆ ಶಿವಯೋಗಪ್ಪನವರ ಕಾಲಿಗೆ ಬಿದ್ದು ಕ್ಷಮೆ ಕೇಳಬೇಕು. ಅವರು ಎಬ್ಬಿಸಿ ತಬ್ಬಿಕೊಳ್ಳುತ್ತಾರೆ. ಜನರ ಸಿಟ್ಟು ಇಳಿಯುತ್ತದೆ. ಮಾರನೆಯ ಸೋಮವಾರದಿಂದ ಧಾರಾಳವಾಗಿ ಬರಬಹುದು.

ವಾಪಸು ಬಸ್ಸಿನಲ್ಲಿ ಚಿನ್ನಕ್ಕ, "ಬಿದ್ದು ಬಂದ್ಬುಡಿ ಅತ್ಲಾಗೆ. ಶೂಟಿಂಗಲ್ಲಿ ಎಷ್ಟು ಸಲ ಬಿದ್ದಿಲ್ಲ," ಎಂದಳು.

"ಅವಾಗ ಬಿದ್ದಿದ್ದು ತಾತನ ಕಾಲಿಗೆ ಕಣೇ. ಸಾವ್ಕಾರ್ರು ವೇಷದಲ್ಲಿದ್ರು."

"ಈಗ್ಲೂ ವೇಷದಲ್ಲೇ ಅವ್ರೆ."

ವೆಂಕಟೇಶಪ್ಪ ಕಿಟಕಿಯಿಂದಾಚೆ ನೋಡುತ್ತ ಕೂತ. ಬೋರ್‌ವೆಲ್ಲಿನ ನೀರು ಕಂಡ ಕಡೆ ಹಸಿರು, ಉಳಿದ ಕಡೆ ಕೆಂಪು ನೆಲ. ಗದ್ದುಗೆಯ ಒಳಗೆ ಹೋಗದೆ ಊರಿಗೆ ವಾಪಸಾಗುತ್ತಿರುವುದು ಅವನ ನೆನಪಿನಲ್ಲಿ ಇದೇ ಮೊದಲು. ಬಿದ್ದುಬಿಡುತ್ತೇನೆ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದ.

ವಿಜಯೋತ್ಸವ ಒಂದು ಭಾನುವಾರ ಬೆಳಗ್ಗೆ, ಹಿಂದೂಪುರದ ಕಲ್ಯಾಣ ಮಂಟಪದಲ್ಲಿ. ಸ್ಟೇಜಿನ ಮೇಲೆ ಶಿವಯೋಗಪ್ಪನವರಿಗೆ ತಕ್ಕಂಥ ದೊಡ್ಡ ಕುರ್ಚಿ ಎಲ್ಲೂ ಸಿಗದೆ, ಶೂಟಿಂಗಿನಲ್ಲಿ ದೊರೆ ಕೂರುತ್ತಿದ್ದ ಸಿಂಹಾಸನವನ್ನೇ ತಂದು ಹಾಕಿದ್ದರು. ಅದಕ್ಕೆ ಕಾವಿ ಬಟ್ಟೆ ಹೊದಿಸಿತ್ತು. ವೆಂಕಟೇಶಪ್ಪ ಅವರ ಕಾಲಿಗೆ ಬಿದ್ದ ಕೂಡಲೇ ಡ್ರೋನಿನಿಂದ ಹೂವು ಉದುರಿಸುವ ಏರ್ಪಾಡನ್ನು ಅಮರೇಶ್ ಮಾಡಿದ್ದ.

"ಅಣ್ಣಾ, ನೀನು ಬೀಳುವಾಗ ಸ್ವಲ್ಪ ಎಡಕ್ಕೆ ಬೀಳು. ಕ್ಯಾಮೆರಾ ಆ ಕಡೆ ಐತೆ," ಎಂದು ಹೇಳಿ ಹೋದ.

ಸ್ಟೇಜಿನ ಹಿಂದೆ ವೆಂಕಟೇಶಪ್ಪ ಕಾಯುತ್ತಿದ್ದಾಗ, ಕುರ್ಚಿಗಳನ್ನು ಹೊತ್ತು ತಂದ ಗೋವಿಂದಪ್ಪ ಬೆವರೊರೆಸಿಕೊಳ್ಳುತ್ತ ಪಕ್ಕದಲ್ಲಿ ಕೂತ. ಮಂಡಿಯಲ್ಲಿ ಒಂದೆರಡು ಸಲ ನೋಡಿದ್ದ ಮುಖ. ಏನೋ ಕಡಿಮೆಯಿದೆ ಎನ್ನಿಸಿತು.

"ಗೋವಿಂದಪ್ಪ, ನಾಮ ಎಲ್ಲೋಯ್ತು?"

"ಮಂಡಿಗೆ ಬರುವಾಗ ಒರೆಸ್ಕಂಡು ಬತ್ತೀನಿ. ಮನೆಗೋದ್ಮೇಲೆ ಇಕ್ಕಂತೀನಿ. ಸಾವ್ಕಾರ್ರು ಹೇಳವ್ರೆ."

"ನೀನು ಒಪ್ಕಂಡಾ?"

"ಮಕ್ಕಳ ಹೊಟ್ಟೆ ಒಪ್ಕಂತು. ನಾನ್ಯಾರು ಒಪ್ಪಕ್ಕೆ," ಎಂದು ಗೋವಿಂದಪ್ಪ ಎದ್ದು ಉಳಿದ ಕುರ್ಚಿಗಳನ್ನು ತರಲು ಹೋದ.

ಅಷ್ಟರಲ್ಲಿ ಮೈಕಿನಲ್ಲಿ ವೆಂಕಟೇಶಪ್ಪನ ಹೆಸರು ಕೂಗಿದರು. ಮೇಲೆ ಹೋದ ಕೂಡಲೇ ಜನರ ಕಡೆಯಿಂದ ಊ ಎಂಬ ಶಬ್ದ ಬಂತು. ಮುಂದಿನ ಸಾಲಿನಲ್ಲಿ ನಿರ್ಮಲಮ್ಮ, ತಹಸೀಲ್ದಾರರು, ಟ್ರಸ್ಟಿನವರು. ಸಿದ್ದಲಿಂಗೇಶ್ ಅವನ ಕೈಗೆ ಮೈಕು ಕೊಟ್ಟು, ಬೇಗ ಮುಗಿಸು ಎಂಬಂತೆ ಕಣ್ಣು ಮಾಡಿದ. ಸಿಂಹಾಸನದ ಮುಂದೆ ಶಿವಯೋಗಪ್ಪನವರ ಎರಡು ಪಾದಗಳು ಒಂದು ಹಿತ್ತಾಳೆ ತಟ್ಟೆಯಲ್ಲಿ ಇದ್ದವು.

ವೆಂಕಟೇಶಪ್ಪ ಆ ಪಾದಗಳನ್ನು ನೋಡಿದ. ಬೀಳಬೇಕೆಂದೇ ಬಂದಿದ್ದ. ಮೊಣಕಾಲು ಸ್ವಲ್ಪ ಬಗ್ಗಿತು ಕೂಡ. ಆಮೇಲೆ ಯಾಕೋ ಅದು ಅಲ್ಲೇ ನಿಂತುಬಿಟ್ಟಿತು.

"ನಾನು ತಾತನ್ನ ಒದ್ದಿದ್ದು ನಿಜ," ಎಂದ ಮೈಕಿನಲ್ಲಿ. "ಒದಿಯಕ್ಕೆ ಮುಂಚೆ ತಾತನ್ನ ಕೇಳಿದ್ದೆ. ಹೂವು ಕೊಟ್ಟ. ಅವನಿಗೂ ನಂಗೂ ಇರೋದು ಅಲ್ಲೇ ಮುಗಿದೈತೆ. ಇನ್ನು ನಾನು ಯಾರಿಗೆ ಕ್ಷಮೆ ಕೇಳ್ಬೇಕು ಅಂತ ತಿಳೀತಿಲ್ಲ."

"ಮಾತು ಯಾಕಪ್ಪ," ಎಂದರು ಶಿವಯೋಗಪ್ಪನವರು ಮೆತ್ತಗೆ. "ಬಿದ್ಬುಡು. ಎಲ್ಲಾ ಸರಿಹೋಯ್ತದೆ."

"ತಾತ ಇದ್ರೆ ಬೀಳ್ತಿದ್ದೆ ಸಾವ್ಕಾರ್ರೇ. ನಿಮಗೆ ಬೇಕಾದ್ರೆ ಕೈಮುಗಿತೀನಿ. ಬೀಳಲ್ಲ."

ಜನ ಗದ್ದಲ ಮಾಡಿದರು. ಯಾರೋ ನೀರಿನ ಬಾಟಲಿ ಎಸೆದರು. ಅದು ದಾರಿ ತಪ್ಪಿ ತಹಸೀಲ್ದಾರರಿಗೆ ತಗುಲಿತು. ಶಿವಯೋಗಪ್ಪನವರಿಗೆ ಇಷ್ಟು ದಿನ ಯಾರೂ ಹೀಗೆ ಇಲ್ಲ ಎಂದಿರಲಿಲ್ಲ. ಗಡ್ಡದೊಳಗೆ ಮುಖ ಕೆಂಪಾಯಿತು. ತಟ್ಟೆಯಿಂದ ಕಾಲು ತೆಗೆದು ಸಿಂಹಾಸನದಿಂದ ಎದ್ದು ನಿಂತರು. ಅಂಗಿಗೆ ಸಿಕ್ಕಿಸಿದ್ದ ಮೈಕು ಅವರ ಉಸಿರನ್ನೂ ಮಂಟಪಕ್ಕೆಲ್ಲ ಕೇಳಿಸುತ್ತಿತ್ತು.

"ನಿನ್ನ ಹಟ ಬಿಡು ಕಣ್ಲಾ ವೆಂಕಟೇಶ. ನನ್ನ ಕಾಲಿಗೆ ಬೀಳು. ಬೀಳ್ದೇ ಇದ್ರೆ ಗದ್ದುಗೆ ಮೆಟ್ಲು ಹತ್ತಂಗಿಲ್ಲ. ಈ ಸೀಮೇಲೇ ನಿಂಗೆ ಜಾಗ ಇಲ್ಲ, ತಿಳ್ಕ."

ಎಸೆಯಲು ಎತ್ತಿದ್ದ ಬಾಟಲಿಗಳು ಇಳಿದವು. ಆ ಮಾತನ್ನು ಎಲ್ಲರೂ ಎಲ್ಲೋ ಕೇಳಿದ್ದರು. ಹಲವರು ಎರಡೆರಡು ಸಲ, ಟಿಕೆಟ್ ಕೊಂಡು ಕೇಳಿದ್ದರು. ಎಲ್ಲಿ ಎಂದು ಅವರು ಯೋಚಿಸುತ್ತಿರುವಾಗಲೇ ಮುಂದಿನ ಸಾಲಿನಿಂದ ನಿರ್ಮಲಮ್ಮನವರ ಧ್ವನಿ ಕೇಳಿಸಿತು. ಮನೆಯಲ್ಲಿ ಮಾತಾಡುವಷ್ಟೇ ಸಹಜವಾಗಿತ್ತು.

"ಏನ್ರೀ, ಅದು ಆವಯ್ಯನ ಡೈಲಾಗು. ನೀವ್ಯಾಕೆ ಹೇಳ್ತಿದ್ದೀರಿ?"

ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ನಕ್ಕ. ಆಮೇಲೆ ಹೆಂಗಸರ ಕಡೆಯಿಂದ ನಗು ಬಂತು. ಆಮೇಲೆ ಮಂಟಪವೇ ನಗತೊಡಗಿತು. ಡ್ರೋನ್ ಹಾರಿಸುತ್ತಿದ್ದವನು ಈ ಗಲಾಟೆಯೇ ಸನ್ನೆ ಎಂದು ತಿಳಿದು ಗುಂಡಿ ಒತ್ತಿದ. ಹೂವೆಲ್ಲ ವೆಂಕಟೇಶಪ್ಪನ ತಲೆಯ ಮೇಲೆ ಉದುರಿತು.

ಶಿವಯೋಗಪ್ಪನವರು ಕೂತರು. ಸ್ವಲ್ಪ ಹೊತ್ತಿನ ಮೇಲೆ ಮೈಕು ಸರಿಮಾಡಿಕೊಂಡು, ಇವನ ಭಕ್ತಿಯನ್ನು ಪರೀಕ್ಷೆ ಮಾಡಲು ಹೀಗೆ ಅಂದದ್ದೆಂದೂ ಪರೀಕ್ಷೆಯಲ್ಲಿ ಇವನು ಗೆದ್ದನೆಂದೂ ಹೇಳಿದರು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಊಟಕ್ಕೆ ಹೊತ್ತಾಗಿತ್ತು.

ಮನೆಯಲ್ಲಿ ಗಂಡಹೆಂಡಿರ ನಡುವೆ ಏನು ಮಾತಾಯಿತೋ ತಿಳಿಯದು. ಒಂದೆರಡು ದಿನದಲ್ಲಿ ಶಿವಯೋಗಪ್ಪನವರು ಗಡ್ಡ ತೆಗೆಸಿದರು. ಸೆಕೆ ಜಾಸ್ತಿ ಎಂದು ಕಾರಣ ಕೊಟ್ಟರು. ಗೋವಿಂದಪ್ಪ ಒಂದು ಬೆಳಗ್ಗೆ ಮೊದಲಿಗಿಂತ ದೊಡ್ಡ ನಾಮ ಎಳೆದುಕೊಂಡು ಮಂಡಿಗೆ ಬಂದಾಗ ಅವರು ಹುಣಸೆಹಣ್ಣಿನ ಬುಟ್ಟಿಯ ಕಡೆ ಬಹಳ ಗಮನ ಕೊಟ್ಟು ನೋಡುತ್ತಿದ್ದರು. ಬೋಂಡಾ ಗಾಡಿಯವನು ಮಾತ್ರ ತಿರುಗಿ ಬರಲಿಲ್ಲ. ಹೊಸ ಬೀದಿಯಲ್ಲಿ ಅವನ ವ್ಯಾಪಾರ ಚೆನ್ನಾಗಿತ್ತು.

ಕಲ್ಯಾಣದುರ್ಗದಲ್ಲಿ ನೇಕಾರರ ಸಂಘದ ಅಧ್ಯಕ್ಷ ಸೋಮಶೇಖರಪ್ಪ ಹತ್ತಾರು ಜನರನ್ನು ಕಟ್ಟಿಕೊಂಡು ವೆಂಕಟೇಶಪ್ಪನ ಅಂಗಡಿಗೆ ಬಂದರು. ಮಣ್ಣು ಎರಚಿದಾಗ, ಟೀ ಲೋಟ ಬೇರೆ ಇಟ್ಟಾಗ ಈ ಕಡೆ ತಲೆ ಹಾಕದಿದ್ದವರು.

"ನಮ್ಮ ಕುಲದೋನಿಗೆ ಅನ್ಯಾಯ ಆಗೈತೆ. ಸುಮ್ನೆ ಬಿಡಬಾರ್ದು. ಬ್ಯಾನರ್ ರೆಡಿ ಮಾಡ್ಸಿ ತಂದಿದೀನಿ. ಮೆರವಣಿಗೆ ಹೋಗಿ ಗದ್ದುಗೆ ಮುಂದೆ ಕೂತ್ಕಳಾಣ. ತಾತ ನಮ್ಮೋನು ಅಂತ ಇವತ್ತೇ ತೀರ್ಮಾನ ಆಗ್ಲಿ," ಎಂದರು ಸೋಮಶೇಖರಪ್ಪ.

"ಬ್ಯಾಡ ಕಣಣ್ಣ," ಎಂದ ವೆಂಕಟೇಶಪ್ಪ. "ಆ ಬ್ಯಾನರಲ್ಲಿ ನನ್ನ ಫೋಟೋ ಚಿಕ್ಕದಾಗಿ, ನಿಂದು ದೊಡ್ಡದಾಗಿ ಐತೆ. ನಾನು ಸೋಮವಾರ ಬಸ್ಸಲ್ಲಿ ಹೋಯ್ತೀನಿ. ಬರೋರು ಟಿಕೆಟ್ ತಕ್ಕಂಡು ಬರ್ಲಿ."

ಯಾರೂ ಬರಲಿಲ್ಲ.

ಸೋಮವಾರ ಅವನೂ ಚಿನ್ನಕ್ಕನೂ ಹೋದರು. ಬನಶ್ರೀಯೂ ಶಾಲೆಗೆ ರಜೆ ಹಾಕಿ ಜೊತೆಗೆ ಬಂದಳು. ಮೆಟ್ಟಿಲ ಹತ್ತಿರ ಸಿದ್ದಲಿಂಗೇಶ್ ನಿಂತಿದ್ದ. ವಿಜಯೋತ್ಸವದ ಸಂಜೆಯೇ ಟ್ರಸ್ಟಿನವರು ಸಭೆ ಸೇರಿ, ಅವನನ್ನು ಒಳಗೆ ಬಿಡಬೇಕೆಂದೂ ಬಿಡಬಾರದೆಂದೂ ಹೇಳಲಾರದೆ ಟೀ ಕುಡಿದು ಎದ್ದಿದ್ದರು. ಹಾಗಾಗಿ ವೆಂಕಟೇಶಪ್ಪ ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗ ಸಿದ್ದಲಿಂಗೇಶ್ ಜೇಬಿನಿಂದ ಫೋನು ತೆಗೆದು, ರಿಂಗೇ ಆಗದ ಫೋನಿನಲ್ಲಿ ಗಟ್ಟಿಯಾಗಿ ಮಾತಾಡುತ್ತ ಆ ಕಡೆ ತಿರುಗಿಕೊಂಡ.

ಒಳಗೆ ಜನವಿತ್ತು. ಒಬ್ಬ ತಾಯಿ ಅವನನ್ನು ಕಂಡು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಇಬ್ಬರು ಸರಿದು ದಾರಿ ಬಿಟ್ಟರು, ಭಯಕ್ಕೋ ಗೌರವಕ್ಕೋ ಅವರಿಗೇ ಗೊತ್ತಿರಲಿಕ್ಕಿಲ್ಲ. ವೆಂಕಟೇಶಪ್ಪ ಯಾರನ್ನೂ ನೋಡದೆ ಗದ್ದುಗೆಯ ಮುಂದೆ ಉದ್ದಕ್ಕೆ ಮಲಗಿ ನಮಸ್ಕಾರ ಮಾಡಿದ. ಹಣೆ ತಣ್ಣನೆ ಕಲ್ಲಿಗೆ ತಗುಲಿತು. ಏಳಲು ಬಹಳ ಹೊತ್ತು ಹಿಡಿಯಿತು. ಭುಜ ಅಲುಗುತ್ತಿದ್ದುದನ್ನು ನೋಡಿ ಬನಶ್ರೀ ಹತ್ತಿರ ಹೋಗಲು ಹೆಜ್ಜೆಯಿಟ್ಟಳು. ಚಿನ್ನಕ್ಕ ಅವಳ ಕೈ ಹಿಡಿದು ನಿಲ್ಲಿಸಿದಳು.

ಹೊರಗೆ ಬೇವಿನ ಮರದ ಕೆಳಗೆ ಪ್ರಸಾದ ತಿಂದು ಬಸ್ಸಿಗೆ ಕಾಯುತ್ತಿದ್ದಾಗ ಅಮರೇಶನ ಫೋನು ಬಂತು. ವಿಜಯೋತ್ಸವದ ಗಲಾಟೆಯನ್ನು ಅವನು ತುಂಡು ಮಾಡಿ ಮೊಬೈಲುಗಳಿಗೆ ಬಿಟ್ಟಿದ್ದ. ಅದನ್ನು ನೋಡಿದವರು ಸಿನಿಮಾ ನೋಡಿದವರಿಗಿಂತ ಹೆಚ್ಚಾಗಿದ್ದರು.

"ಅಣ್ಣಾ, ಹೊಸ ಚಿತ್ರ ಶುರು ಮಾಡ್ತಿದ್ದೀನಿ. ಇನ್ನೊಬ್ಬ ಶರಣನ ಕಥೆ. ಜನಕ್ಕೆ ಈಗ ನಿನ್ನ ಮೇಲೆ ಪ್ರೀತಿ ಬಂದ್ಬುಟ್ಟೈತೆ. ಈ ಸಲ ಶರಣನ ಪಾರ್ಟು ನಿಂದೇ."

ವೆಂಕಟೇಶಪ್ಪ ಕೈಗಂಟಿದ ಪ್ರಸಾದವನ್ನು ಪಂಚೆಗೆ ಒರೆಸಿಕೊಂಡ.

"ಬ್ಯಾಡಪ್ಪ. ಕೆಟ್ಟೋನ ಪಾರ್ಟು ಇದ್ರೆ ಹೇಳು, ಬತ್ತೀನಿ. ಒಳ್ಳೆಯೋನ ಪಾರ್ಟು ಮಾಡಿದ್ರೆ ಏನಾಯ್ತದೆ ಅಂತ ನೋಡಿದೀನಿ."

"ಯಾರ್ರೀ ಅದು," ಎಂದಳು ಚಿನ್ನಕ್ಕ.

"ಅಮರೇಶ. ನನ್ನ ದೇವ್ರು ಮಾಡ್ತಾನಂತೆ."

"ಬಸ್ಸು ಬಂತು, ಏಳಿ," ಎಂದು ಅವಳು ಚೀಲ ಎತ್ತಿಕೊಂಡಳು.